ಕಿವಿಗೆ ಸಿಕ್ಕಿಸಿದ ಪೆನ್ಸಿಲ್

ನನಗೆ ಎಣಿಸುವ ಚಟವಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮುಂದೆ ಆಗುವ ಅವಾಂತರಕ್ಕೆಲ್ಲ ಅದೇ ಮೂಲ. ಕೆಲವರಿಗೆ ಉಗುರು ಕಚ್ಚುವ ಅಭ್ಯಾಸ, ಕೆಲವರಿಗೆ ಎದುರುಮನೆಯ ಸಮಾಚಾರ, ನನಗೆ ಲೆಕ್ಕ. ಬಸವೇಶ್ವರನಗರದ ನಮ್ಮ ಮನೆಯಿಂದ ಬಸ್‌ಸ್ಟಾಪಿಗೆ ನಾನೂರ ಹನ್ನೆರಡು ಹೆಜ್ಜೆ. ಮೋರಿ ಉಕ್ಕಿದ ದಿನ ಸುತ್ತಿ ಬಳಸಿ ನಾನೂರ ಐವತ್ತು. ಸುಂಕದಕಟ್ಟೆ ತಲುಪುವಷ್ಟರಲ್ಲಿ ಕಂಡಕ್ಟರ್ "ಒಳಗಡೆ ಹೋಗ್ರೀ" ಎನ್ನುವುದು ಹೆಚ್ಚುಕಡಿಮೆ ಹತ್ತೊಂಬತ್ತು ಸಲ. ಇವನ್ನೆಲ್ಲ ದಿನಚರಿಯಲ್ಲಿ ನಾಲ್ಕು ನೆಟ್ಟನೆಯ ಗೆರೆ, ಅವುಗಳ ಮೇಲೊಂದು ಓರೆ ಗೆರೆ, ಹೀಗೆ ಐದೈದರ ಕಟ್ಟು ಮಾಡಿ ಬರೆದಿಡುತ್ತೇನೆ. ಒಂದು ಭಾನುವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಕುಕ್ಕರಿನ ಕೂಗಿಗೆ ಗೆರೆ ಎಳೆಯುತ್ತಿದ್ದಾಗ ಅಮ್ಮ ತಲೆ ಎತ್ತದೆ, "ನಿನ್ನ ಕಟ್ಕೊಳ್ಳೋನು ಎಷ್ಟು ಸಲ ಗೊರಕೆ ಹೊಡೆದ ಅಂತಾನೂ ಬರೀತೀಯೇನೇ?" ಎಂದಳು. ಆ ಪ್ರಶ್ನೆಯನ್ನು ಅವಳು ಕೇಳಿದ್ದು ಆ ವರ್ಷ ಏಳನೆಯ ಸಲ.

ಇಂಥವಳಿಗೆ ಸಿಕ್ಕ ಕೆಲಸವೂ ಎಣಿಸುವುದೇ. ಸುಂಕದಕಟ್ಟೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ವಿಶೇಷ ಶಿಕ್ಷಕಿ. ಮೂರನೆಯ, ನಾಲ್ಕನೆಯ ತರಗತಿಗೆ ಬಂದರೂ ಓದು ಕೈಗೆ ಹತ್ತದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ದಿನಕ್ಕೆ ಅರ್ಧ ಗಂಟೆ ಓದಿಸುವುದು ನನ್ನ ಪಾಲಿನ ಕೆಲಸ. ವಿಶೇಷ ಎನ್ನುವ ಮಾತಿಗೆ ತಕ್ಕಂತೆ ಕೊಠಡಿಯೂ ವಿಶೇಷವೇ. ಅಲ್ಲಿ ಶಾಲೆಯ ಬ್ಯಾಂಡ್‌ಸೆಟ್ಟಿನ ಡ್ರಮ್ಮುಗಳಿವೆ, ಕಾಲು ಮುರಿದ ಬೆಂಚುಗಳಿವೆ, ಹಿಂದಿನ ವರ್ಷದ ವಾರ್ಷಿಕೋತ್ಸವದ ಥರ್ಮಾಕೋಲ್ ಸಿಂಹಾಸನವೊಂದಿದೆ. ಬಾಗಿಲ ಮೇಲೆ ನಾನು "ಓದುವ ಮನೆ" ಎಂದು ಬಣ್ಣದ ಕಾಗದದಲ್ಲಿ ಕತ್ತರಿಸಿ ಅಂಟಿಸಿದ್ದೇನೆ. ಮಕ್ಕಳು ಅದನ್ನು ಕರೆಯುವುದು ಡ್ರಮ್ ರೂಮ್ ಎಂದೇ. ಓದಲು ಬರದವರು ನನ್ನ ಬೋರ್ಡನ್ನು ಓದಿಲ್ಲವೆಂದು ಬೇಸರ ಪಡುವುದು ನ್ಯಾಯವಲ್ಲವೆಂದು ಸುಮ್ಮನಿದ್ದೇನೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಮಗು ಗಟ್ಟಿಯಾಗಿ ಓದುತ್ತಿರುವಾಗ ಶಿಕ್ಷಕಿ ಬಾಯಿ ಹಾಕಬಾರದು. ಸುಮ್ಮನೆ ಗುರುತು ಮಾಡಿಕೊಳ್ಳಬೇಕು. ತಪ್ಪು ಓದಿದ್ದಕ್ಕೆ ಒಂದು ಕಾಲಂ, ಬಿಟ್ಟು ಓದಿದ್ದಕ್ಕೆ ಒಂದು, ತಪ್ಪನ್ನು ತಾನೇ ತಿದ್ದಿಕೊಂಡದ್ದಕ್ಕೆ ಇನ್ನೊಂದು. ಮೂರನೆಯ ಕಾಲಂ ತುಂಬಿದಷ್ಟೂ ಮಗು ಯೋಚಿಸಿ ಓದುತ್ತಿದೆ ಎಂದರ್ಥ. ತರಬೇತಿಯಲ್ಲಿ ಇದನ್ನು ಕೇಳಿದ ದಿನ ನನಗೆ ಜನ್ಮ ಸಾರ್ಥಕವಾದಂತಾಯಿತು. ಎಣಿಸಿದ್ದಕ್ಕೆ ಸಂಬಳ ಕೊಡುವವರೂ ಇದ್ದಾರಲ್ಲ! ಅಂದಿನಿಂದ ಬಡಗಿಗಳಂತೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಮಗು ತಪ್ಪಿದಾಗ ತೆಗೆದು ಗೆರೆ ಎಳೆದು, ಮತ್ತೆ ಕಿವಿಗೇ ಸಿಕ್ಕಿಸುವುದು ನನ್ನ ಶೈಲಿಯಾಯಿತು.

ಈ ವರ್ಷ ನನ್ನ ಮೂರನೆಯ ಕಾಲಮ್ಮಿನ ಮಹಾರಾಣಿ ಚೈತ್ರ. ಮೂರನೆಯ ತರಗತಿ, ಎರಡು ಜಡೆ, ಹೆಗ್ಗನಹಳ್ಳಿಯಲ್ಲಿ ಮನೆ. ತಾಯಿ ರತ್ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಾರೆ. ಅವರಿಗೆ ಅಕ್ಷರ ಬಾರದು. ಜೂನ್‌ನಲ್ಲಿ ಚೈತ್ರ ಒಂದು ಸಾಲಿನಲ್ಲಿ ಆರು ಪದವಿದ್ದರೆ ಐದನ್ನು ತಪ್ಪು ಓದುತ್ತಿದ್ದಳು. ಜುಲೈ ನಡುವಿನ ಹೊತ್ತಿಗೆ ಪವಾಡ. "ಮನೆ" ಎನ್ನುವಳು, ನನ್ನ ಕೈ ಕಿವಿಯತ್ತ ಹೋಗುವಷ್ಟರಲ್ಲಿ "ಮರ" ಎನ್ನುವಳು, ಪೆನ್ಸಿಲ್ ಕೆಳಗಿಳಿಯುವಷ್ಟರಲ್ಲಿ "ಮಳೆ" ಎಂದು ಮುಂದೆ ನಡೆಯುವಳು. ತಾನೇ ತಿದ್ದಿಕೊಂಡದ್ದು! ನಾನು ಹಿಗ್ಗಿ ಗೆರೆ ಎಳೆಯುತ್ತಿದ್ದೆ. ಮುಖ್ಯೋಪಾಧ್ಯಾಯಿನಿ ವಸಂತಾ ಮೇಡಂಗೆ "ಚೈತ್ರ ಈಗ ಸ್ವತಂತ್ರವಾಗಿ ಓದಬಲ್ಲಳು" ಎಂದು ವರದಿ ಕೊಟ್ಟೆ. ಅಷ್ಟಕ್ಕೇ ನಿಲ್ಲದೆ ರತ್ನಮ್ಮನಿಗೆ ಫೋನ್ ಮಾಡಿ, ಆಗಸ್ಟ್‌ನ ಪೋಷಕರ ಸಭೆಯ ಶನಿವಾರ ಮಗಳು ಅವರೆದುರು ಹೊಸ ಪುಟವೊಂದನ್ನು ಓದುತ್ತಾಳೆ ಎಂದು ಮಾತು ಕೊಟ್ಟೆ. "ಹಂಗಾದ್ರೆ ಅರ್ಧ ದಿನ ರಜಾ ಹೇಳ್ತೀನಿ ಮಿಸ್. ಲೈನ್ ಸೂಪರ್‌ವೈಸರ್ ಏನಾದ್ರೂ ಬೈಕೊಳ್ಳಲಿ. ಅವಳು ಓದೋದನ್ನ ನಾನು ಕಿವಿಯಾರೆ ಕೇಳ್ಬೇಕು" ಎಂದರು.

ಇದಾದ ನಾಲ್ಕನೆಯ ದಿನ ನಾನು ಬಸ್ಸಿನಿಂದ ಬಿದ್ದೆ. ಮೆಟ್ಟಿಲು ಎಣಿಸುತ್ತಿದ್ದೆನೆಂದು ಅಮ್ಮನ ವಾದ. ಇರುವುದೇ ಮೂರು ಮೆಟ್ಟಿಲು, ಎಣಿಸಲು ಏನಿದೆ ಎಂದು ನನ್ನ ವಾದ. ಅಂತೂ ಬಲಗೈ ಮಣಿಕಟ್ಟು ಉಳುಕಿ, ಕ್ರೇಪ್ ಬ್ಯಾಂಡೇಜ್ ಸುತ್ತಿಸಿಕೊಂಡು, ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಶಾಲೆಗೆ ಹೋದೆ. ಚೈತ್ರ ಎದುರು ಕೂತು ಪುಸ್ತಕ ತೆರೆದಳು. ಮೊದಲ ಪದ ಹೇಳಿದಳು, ತಪ್ಪು. ನನ್ನನ್ನು ನೋಡಿದಳು. ನಾನೂ ಅವಳನ್ನು ನೋಡಿದೆ. ಅವಳ ಕಣ್ಣು ನನ್ನ ಬ್ಯಾಂಡೇಜಿನಿಂದ ಕಿವಿಗೆ, ಕಿವಿಯಿಂದ ಬ್ಯಾಂಡೇಜಿಗೆ ಎರಡು ಸಲ ಓಡಾಡಿತು.

"ಮಿಸ್, ಪೆನ್ಸಿಲ್ ಎಲ್ಲಿ?"

"ಕೈ ಉಳುಕಿದೆ ಕಣೇ. ಇವತ್ತು ಪೆನ್ಸಿಲ್ ಇಲ್ಲ. ನೀನು ಓದು."

"ಪೆನ್ಸಿಲ್ ಇಲ್ದೆ ಹೆಂಗೆ ಓದೋದು ಮಿಸ್?"

"ಓದೋಳು ನೀನಲ್ವಾ?"

"ಓದೋಳು ನಾನೇ. ಸರಿನಾ ತಪ್ಪಾ ಅಂತ ಹೇಳೋದು ಪೆನ್ಸಿಲ್ ಅಲ್ವಾ?" ಎಂದಳು, ಇಷ್ಟು ಗೊತ್ತಿಲ್ಲದವರು ಟೀಚರ್ ಹೇಗಾದರು ಎಂಬ ದನಿಯಲ್ಲಿ. "ತಪ್ಪಾದ್ರೆ ನಿಮ್ಮ ಕೈ ಕಿವಿ ಹತ್ರ ಹೋಗತ್ತೆ. ಆಗ ಬೇರೆ ಹೇಳ್ಬೇಕು. ಕೈ ನಿಂತ್ರೆ ಅದೇ ಸರಿ. ಎಲ್ರಿಗೂ ಗೊತ್ತು ಮಿಸ್."

ಎಲ್ಲರಿಗೂ! ನನ್ನ ಬಳಿಗೆ ಬರುವ ಆರೂ ಮಕ್ಕಳು ಎರಡು ತಿಂಗಳಿಂದ ಏಕಾಗ್ರತೆಯಿಂದ ಓದುತ್ತಿದ್ದದ್ದು ನನ್ನನ್ನು. ಹಳೆಯ ಪುಟಗಳನ್ನು ತಿರುವಿ ಹಾಕಿದೆ. ಮೂರನೆಯ ಕಾಲಮ್ಮಿನಲ್ಲಿ ಐದೈದರ ಕಟ್ಟುಗಳು ಮೆರವಣಿಗೆ ಹೊರಟಂತೆ ಸಾಲಾಗಿ ನಿಂತಿದ್ದವು. ಒಂದೊಂದೂ ನನ್ನ ಕೈ ಮಾಡಿದ ಸಹಾಯದ ಲೆಕ್ಕ. ಇಷ್ಟು ಅಚ್ಚುಕಟ್ಟಾಗಿ ತನ್ನ ದಡ್ಡತನವನ್ನು ದಾಖಲಿಸಿದವರು ನಮ್ಮ ವಿಭಾಗದಲ್ಲಿ ಬೇರೆ ಯಾರೂ ಇರಲಾರರು. ಆದರೆ ನಗು ಬರಲಿಲ್ಲ. ಸಭೆಗೆ ಹದಿನೇಳು ದಿನ ಉಳಿದಿತ್ತು. ಒಬ್ಬ ತಾಯಿ ರಜೆ ಹೇಳಿಯಾಗಿತ್ತು. ಎಲ್ಲರೆದುರು ತಡವರಿಸಿ ನಿಲ್ಲಬೇಕಾದವಳು ನಾನಲ್ಲ, ಎಂಟು ವರ್ಷದ ಚೈತ್ರ.

ಆ ಸಂಜೆಯೇ ರತ್ನಮ್ಮನಿಗೆ ಫೋನ್ ಮಾಡಿ, ತಪ್ಪು ನನ್ನದೆಂದು ಹೇಳಿದೆ. ಅವರು ಬೈಯಲಿಲ್ಲ. ಪೆನ್ಸಿಲಿನ ಕಥೆ ಕೇಳಿ ಐದಾರು ಸಲ ನಕ್ಕರು. (ಐದೋ ಆರೋ, ಸರಿಯಾಗಿ ಎಣಿಸಲಿಲ್ಲ; ಮನಸ್ಸು ಎಷ್ಟು ಕೆಟ್ಟಿತ್ತೆಂದು ಇದರಿಂದ ತಿಳಿಯಬಹುದು.) ಆಮೇಲೆ ಹೇಳಿದರು: "ಮನೇಲೂ ಓದ್ತಾಳೆ ಮಿಸ್. ನಾನು ಸ್ಟೌ ಕಡೆ ಮುಖ ಮಾಡ್ಕೊಂಡು ಮುದ್ದೆ ತಿರುವ್ತಾ ಇರ್ತೀನಿ. ನಂಗೆ ಅಕ್ಷರ ಎಲ್ಲಿ ಬರತ್ತೆ? ಕಥೆ ಅರ್ಥ ಆಗೋವರ್ಗೂ ಮುಂದಕ್ಕೆ ಬಿಡಲ್ಲ ಅಷ್ಟೇ. ಮೊನ್ನೆ, ಮೀನು ಹೊಲ ಉಳ್ತು ಅಂದ್ಲು. ಎಲ್ಲಾದ್ರೂ ಉಂಟೇನೇ, ಸರಿಯಾಗಿ ನೋಡು ಅಂದೆ. ಗೊಣಗಿಕೊಂಡು ವಾಪಸ್ ಹೋಗಿ, ಮೀನು ಅಲ್ಲ ಮುನಿಯಪ್ಪ ಅಂದ್ಲು."

ಬೆನ್ನು ತಿರುಗಿಸುವುದು, ಅರ್ಥ ಕೇಳುವುದು. ಎರಡು ವರ್ಷದ ತರಬೇತಿಯಲ್ಲಿ ನನಗೆ ಸಿಗದೆ ಹೋದದ್ದು ಆ ತಾಯಿಗೆ ಮುದ್ದೆಯ ಪಾತ್ರೆಯ ಮುಂದೆ ಸಿಕ್ಕಿತ್ತು.

ಮರುದಿನದಿಂದ ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ಬೆನ್ನ ಹಿಂದೆ ಚೈತ್ರ ಓದುವಳು. ಮೊದಲ ದಿನ ಒಂದು ಸಾಲಿಗೆ ಹತ್ತು ನಿಮಿಷ. "ಮಿಸ್, ಸರಿನಾ?" ಎಂದು ಅವಳು, "ನಂಗೇನ್ ಗೊತ್ತು, ನಾನು ನೋಡ್ತಾ ಇಲ್ವಲ್ಲ. ಕಥೆ ಅರ್ಥ ಆಗತ್ತಾ ನೋಡು" ಎಂದು ನಾನು. ಇಷ್ಟು ಹೇಳಿ ಕತ್ತು ಹೊರಳಿಸದೆ ಇರುವುದಿದೆಯಲ್ಲ, ಅದು ಉಪವಾಸಕ್ಕಿಂತ ಕಷ್ಟ. ಕೈ ಬೇರೆ ವಾಸಿಯಾಗುತ್ತ ಬಂದಿತ್ತು. ಅಭ್ಯಾಸಬಲದಿಂದ ಕಿವಿಯ ಕಡೆಗೆ ತಾನಾಗಿ ಏಳುತ್ತಿತ್ತು. ಎರಡನೆಯ ವಾರ ವಸಂತಾ ಮೇಡಂ ಬಾಗಿಲು ತಳ್ಳಿ ಒಳಗೆ ಬಂದವರು ಗಕ್ಕನೆ ನಿಂತರು. ವಿಶೇಷ ಶಿಕ್ಷಕಿ ಕೈಕಟ್ಟಿ ಗೋಡೆ ನೋಡುತ್ತಿದ್ದಾಳೆ. ವಿದ್ಯಾರ್ಥಿನಿ ಥರ್ಮಾಕೋಲ್ ಸಿಂಹಾಸನದಲ್ಲಿ ಕೂತು ಬೆರಳಿಟ್ಟು ಓದುತ್ತಿದ್ದಾಳೆ.

"ಏನಮ್ಮಾ ಇದು? ಪನಿಶ್‌ಮೆಂಟ್ ಯಾರಿಗೆ?" ಎಂದರು.

"ಮಿಸ್‌ಗೆ ಮೇಡಂ," ಎಂದಳು ಚೈತ್ರ. "ತಿರುಗಿ ನೋಡೋ ಹಂಗಿಲ್ಲ."

ನಾನು ಎಲ್ಲವನ್ನೂ ಹೇಳಿದೆ, ವರದಿ ವಾಪಸ್ ಕೇಳಿದೆ. ಮೇಡಂ ಕನ್ನಡಕ ತೆಗೆದು ಒರೆಸುತ್ತಾ, "ವರದಿ ಅಲ್ಲೇ ಇರಲಿ. ಅದನ್ನ ನಿಜ ಮಾಡಕ್ಕೆ ಇನ್ನೂ ಟೈಮ್ ಇದೆಯಲ್ಲ. ಎಷ್ಟು ದಿನ?" ಎಂದರು.

"ಎಂಟು," ಎಂದೆವು ಚೈತ್ರ, ನಾನು ಒಟ್ಟಿಗೆ.

ಶನಿವಾರ ರತ್ನಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು. ಡ್ರಮ್ಮುಗಳ ನಡುವೆ ಸಣ್ಣ ಬೆಂಚಿನಲ್ಲಿ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಮಗಳ ಎದುರು ಕೂತರು. ವಸಂತಾ ಮೇಡಂ ಪುಸ್ತಕ ಆರಿಸಿ ಕೊಟ್ಟರು; ಚೈತ್ರ ಕಾಣದ ಪುಸ್ತಕ. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಅವಳು ಶುರು ಮಾಡಿದಳು. ಒಂದು ಕುರಿ ಸಂತೆಗೆ ಹೊರಟಿತು. ನಿಂತಳು. ಹಿಂದೆ ಹೋದಳು, ಮುಂದೆ ಬಂದಳು. ಮೈದಾನದಲ್ಲಿ ಯಾರೋ ಸೀಟಿ ಊದುತ್ತಿದ್ದರು. ಅದನ್ನೂ ನಾನು ಎಣಿಸಲಿಲ್ಲ. "ಕುರಿ... ಸಂತೆಯಲ್ಲಿ... ಒಂದು ಕೊಡೆ... ಕೊಂಡಿತು."

"ಕುರಿ ಕೊಡೆ ತಗೊಂಡ್ತಾ?" ರತ್ನಮ್ಮನ ದನಿ. "ಎಲ್ಲಾದ್ರೂ ಉಂಟೇನೇ? ಸರಿಯಾಗಿ ನೋಡು."

ನನ್ನ ಬೆನ್ನೆಲ್ಲ ಕಿವಿಯಾಯಿತು. ಅವಳೀಗ ತಾಯಿಯ ಮುಖ ನೋಡುತ್ತಾಳೆ, ಆ ಮುಖ ತಪ್ಪು ಎನ್ನುತ್ತದೆ, ಕೊಡೆ ಹೋಗಿ ಕೊಡ ಆಗುತ್ತದೆ, ಕೊಡ ಹೋಗಿ ಕೋಳಿ ಆಗುತ್ತದೆ, ಗೋಡೆ ನೋಡಿ ಕೂತ ಇಷ್ಟು ದಿನದ ಕೆಲಸ ಮತ್ತೆ ಮೊದಲಿನಿಂದ. ಪುಟದ ಮೇಲೆ ಬೆರಳು ಸರಿಯುವ ಸಣ್ಣ ಸದ್ದು ಕೇಳಿಸಿತು.

"ನೀನು ಏನೇ ಹೇಳಮ್ಮ, ಇಲ್ಲಿ ಕೊಡೆ ಅಂತಾನೇ ಬರ್ದಿದೆ," ಎಂದಳು ಚೈತ್ರ. "ಮುಂದೆ ಕೇಳು, ಯಾಕೆ ಅಂತ ಗೊತ್ತಾಗತ್ತೆ."

ಮುಂದೆ ಓದಿದಳು. ಉಣ್ಣೆ ಕತ್ತರಿಸಿಕೊಂಡ ಕುರಿಗೆ ಬಿಸಿಲು ತಾಳಲಾಗಲಿಲ್ಲವಂತೆ. ರತ್ನಮ್ಮ, "ಹೌದಲ್ಲಾ, ಪಾಪ!" ಎಂದರು. ಕಥೆ ಮುಗಿದು ನಾನು ತಿರುಗಿದಾಗ ಸೆರಗಿನ ತುದಿ ಮುಷ್ಟಿಯಿಂದ ಕಣ್ಣಿಗೆ ಹೋಗಿತ್ತು.

"ಎಷ್ಟು ತಪ್ಪಾಯ್ತಮ್ಮ?" ಎಂದು ವಸಂತಾ ಮೇಡಂ ನನ್ನನ್ನು ಕೇಳಿದರು.

"ಗೊತ್ತಿಲ್ಲ ಮೇಡಂ," ಎಂದೆ. ಈ ಮಾತನ್ನು ಶಾಲೆಯಲ್ಲಿ ನಾನು ಹೇಳಿದ್ದು ಮೊದಲ ಸಲ.

"ನನ್ನ ಹತ್ರ ಲೆಕ್ಕ ಇದೆ ಮೇಡಂ," ಎಂದು ಚೈತ್ರ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದಳು. ಮೇಲೆ ದೊಡ್ಡದಾಗಿ "ಮಿಸ್" ಎಂದು ಬರೆದಿತ್ತು. ಕೆಳಗೆ ವಾರಗಳು, ವಾರಗಳ ಮುಂದೆ ಗೆರೆಗಳು: ನಾಲ್ಕು ನೆಟ್ಟಗೆ, ಒಂದು ಓರೆ, ಥೇಟ್ ನನ್ನ ಕಟ್ಟುಗಳು. ನಾನು ಗೋಡೆಯ ಕಡೆ ಕೂತು ಎಷ್ಟು ಸಲ ಕತ್ತು ತಿರುಗಿಸಹೋದೆ, ಎಷ್ಟು ಸಲ ಕಿವಿಯ ಕಡೆ ಕೈ ಎತ್ತಿದೆ ಎಂಬ ದಾಖಲೆ. ಮೊದಲ ವಾರ ಹಾಳೆ ಸಾಲದೆ ಅಂಚಿಗೂ ಹತ್ತಿತ್ತು.

"ಇವತ್ತು ಮೂರೇ ಸಲ ಮಿಸ್," ಎನ್ನುತ್ತಾ ಮೂರು ಗೆರೆ ಎಳೆದಳು. "ಇಂಪ್ರೂವ್ ಆಗಿದೀರ."

ರತ್ನಮ್ಮ, ಮೇಡಂ ಇಬ್ಬರೂ ನಗತೊಡಗಿದರು. ನಾನು ಮಾತ್ರ ಬಗ್ಗಿ ಹಾಳೆಯನ್ನು ನೋಡುತ್ತಿದ್ದೆ. ಎರಡನೆಯ ವಾರದ ಕಟ್ಟೊಂದರಲ್ಲಿ ನೆಟ್ಟನೆಯ ಗೆರೆಗಳು ನಾಲ್ಕಿರಬೇಕಾದ ಕಡೆ ಐದಿದ್ದವು. ಇದೊಂದನ್ನು ಸರಿಮಾಡಿಬಿಡೋಣ ಎನ್ನಿಸಿತು ಅಷ್ಟೇ. ಚೈತ್ರ ನನ್ನ ಕಿವಿಯ ಹತ್ತಿರ ಹೋಗಿದ್ದ ಕೈಯ ಮೇಲೆ ಕಣ್ಣಿಟ್ಟು, ಹಾಳೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು, ಇವತ್ತಿನ ಮೂರರ ಪಕ್ಕ ನಾಲ್ಕನೆಯ ಗೆರೆ ಹಾಕಿದಳು.