ನಮ್ಮ ಜಗಲಿಯ ಮಂತ್ರಿಮಂಡಲ

ನಾಟಕದ ತಂಡವೊಂದು ಮನೆಯೊಳಗೆ ಹೊಕ್ಕಿತೆಂದರೆ ಇಂಥವು ಆಗುತ್ತಲೇ ಇರುತ್ತವೆ, ಬೇಡವೆಂದರೂ ಬಿಡುವುದಿಲ್ಲ. ಈಗಲೂ ಮಧ್ಯಾಹ್ನ ಉಂಡು ಚಾಪೆಯ ಮೇಲೆ ಅಡ್ಡಾದರೆ ಅರೆನಿದ್ದೆಯಲ್ಲಿ ಆ ದಿನಗಳು ತೇಲಿ ಬರುತ್ತವೆ. ಪುತ್ತೂರಿನ ನಮ್ಮ ಬಾಡಿಗೆ ಮನೆಯ ಜಗಲಿ, ಹೊಲಿಗೆ ಮೆಷಿನಿನ ಸದ್ದು, ಅದರ ನಡುವೆ ಯಾರೋ ಸಣ್ಣ ಸ್ವರದಲ್ಲಿ ದೇಶ ಆಳುವ ಸದ್ದು.

ನನ್ನ ಗಂಡ ದರ್ಜಿ. ಚುನಾವಣೆಯೆಂಬುದು ಇನ್ನೂ ಹೊಸತಾಗಿದ್ದ ಕಾಲ. ಪೇಟೆಯ ಕೆಲವರು ಸೇರಿ ಮಂತ್ರಿಯೊಬ್ಬನನ್ನು ಗೇಲಿ ಮಾಡುವ ನಾಟಕ ಕಟ್ಟಿದ್ದರು. ಯಾರು ಏನು ಕೇಳಿದರೂ ‘ಆಗಲಿ’ ಎನ್ನುವ ಮಂತ್ರಿ, ಅವನನ್ನು ಗದರಿಸುವ ಹೆಂಡತಿ. ಇಷ್ಟೇ ಕತೆ. ಮಂತ್ರಿಯಾದವರು ಶಾಲೆಯ ಡ್ರಾಯಿಂಗ್ ಮಾಸ್ಟ್ರು. ದೊಡ್ಡ ಹೊಟ್ಟೆ, ಮೆತ್ತಗಿನ ಮಾತು, ಯಾರಿಗೂ ಇಲ್ಲ ಎನ್ನಲು ಬಾರದ ಸ್ವಭಾವ. ಮಂತ್ರಿಯ ಹೆಂಡತಿ ನನ್ನ ಗಂಡ.

ಕೋಪದ ಪಾಠ

ನನ್ನ ಗಂಡನಿಗೆ ಸೀರೆ ಉಡಲು ಬಂತು, ನಡೆಯಲು ಬಂತು, ಕೋಪ ಮಾತ್ರ ಬರಲಿಲ್ಲ. ಒಂದು ದಿನ ಮೆಷಿನು ನಿಲ್ಲಿಸಿ ಕೇಳಿದರು, “ನಿನಗೆ ಕೋಪ ಬಂದರೆ ನೀನು ಎಂತ ಮಾಡುದು?”

“ನಾನು ಎಂತದೂ ಮಾಡುದಿಲ್ಲ” ಎಂದೆ.

ಆಮೇಲೆ ಕೆಲವು ದಿನ ನಾನು ಅಡಿಗೆ ಮಾಡುವಾಗಲೂ ಬಟ್ಟೆ ಹರವುವಾಗಲೂ ಅವರ ಕಣ್ಣು ನನ್ನ ಮೇಲೆಯೇ. ಮದುವೆಯಾದ ಹೊಸತರಲ್ಲೂ ಅಷ್ಟು ನೋಡಿದವರಲ್ಲ. ನನಗೆ ಒಳಗೊಳಗೇ ಖುಷಿಯಾಗಿತ್ತು.

ಮುಂದಿನ ಆದಿತ್ಯವಾರ ಜಗಲಿಯಲ್ಲಿ ಅಭ್ಯಾಸ. ಹೆಂಡತಿ ಒಂದು ಪುಟದಷ್ಟು ಬೈಯುವ ದೃಶ್ಯ. ನನ್ನ ಗಂಡ ಒಂದು ಮಾತೂ ಆಡಲಿಲ್ಲ. ಸೆರಗನ್ನು ನಿಧಾನವಾಗಿ ಸೊಂಟಕ್ಕೆ ಸಿಕ್ಕಿಸಿದರು. ಕಾಫಿಯ ಲೋಟವನ್ನು ಮಂತ್ರಿಯ ಎದುರು ಟಕ್ಕೆಂದು ಇಟ್ಟರು. ಮತ್ತೆ ಕಿಟಕಿಯ ಹೊರಗೆ ನೋಡುತ್ತಾ ನಿಂತುಬಿಟ್ಟರು.

ಮಾಸ್ಟ್ರ ತುಟಿ ಒಣಗಿತು. “ನಾನೆಂತ ತಪ್ಪು ಮಾಡಿದ್ದು ಮಾರಾಯ್ರೆ?” ಎಂದರು. ಅದು ನಾಟಕದಲ್ಲಿ ಇದ್ದ ಮಾತಲ್ಲ.

ಬೈಗುಳದ ಪುಟವನ್ನು ಕೈಬಿಟ್ಟು ಲೋಟವನ್ನೇ ಉಳಿಸಿಕೊಂಡರು. ಪುತ್ತೂರಿನ ಮೊದಲ ಪ್ರದರ್ಶನದ ದಿನ ಲೋಟ ಟಕ್ಕೆಂದಾಗ ಎದುರಿನ ಸಾಲಿನ ಗಂಡಸರೆಲ್ಲ ನೆಟ್ಟಗೆ ಕೂತರು. ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿದರು.

ತಿರುಗುವ ಕುರ್ಚಿ

ಮಂತ್ರಿಗೆ ತಕ್ಕ ಕುರ್ಚಿ ಪೇಟೆಯಲ್ಲಿ ಇದ್ದದ್ದು ಒಂದೇ, ಕ್ಷೌರದಂಗಡಿಯದ್ದು. ಅಂಗಡಿಯವರೇ ನಾಟಕದಲ್ಲಿ ವಿರೋಧ ಪಕ್ಷದ ನಾಯಕ. ತಲೆಯಿಡಲು ದಿಂಬು, ಕಾಲಿಡಲು ಮೆಟ್ಟಿಲು, ಸುತ್ತಲೂ ತಿರುಗುವ ಆಸನ. ಅದನ್ನು ನಾಲ್ಕು ಜನ ಹೊತ್ತು ತಂದು ರಂಗದ ನಡುವೆ ಇಟ್ಟರು. ಪೆಟ್ರೋಮ್ಯಾಕ್ಸಿನ ಬೆಳಕಿನಲ್ಲಿ ಅದು ಯಾವುದೋ ರಾಜನ ಸಿಂಹಾಸನದ ಹಾಗೆ ಮಿನುಗುತ್ತಿತ್ತು.

ಗೆದ್ದ ಮಂತ್ರಿ ಜನರಿಗೆ ಮೊದಲ ಭಾಷಣ ಮಾಡುವ ಹೊತ್ತು. ಮಾಸ್ಟ್ರು ಕುರ್ಚಿಯಲ್ಲಿ ಕೂತೇ ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ, “ಮಹಾಜನರೇ” ಎಂದು ಮುಂದಕ್ಕೆ ಬಾಗಿದರು. ಆ ಭಾರಕ್ಕೆ ಕುರ್ಚಿ ಮೆಲ್ಲಗೆ, ಕನಸಿನಲ್ಲಿ ತಿರುಗುವ ಹಾಗೆ, ಅರ್ಧ ಸುತ್ತು ತಿರುಗಿ ನಿಂತಿತು. ಮಾಸ್ಟ್ರಿಗೆ ಗೊತ್ತೇ ಆಗಲಿಲ್ಲ. ಇಡೀ ಭಾಷಣವನ್ನು ಹಿಂದಿನ ಪರದೆಗೆ ಮಾಡಿ, ಅದಕ್ಕೇ ಕೈಮುಗಿದರು.

ಆಟ ಮುಗಿದ ಮೇಲೆ ಅವರು ತಲೆ ಎತ್ತಲಾರದೆ ಕೂತಿದ್ದರು. ಕಬಕದಿಂದ ಬಂದ ಹಿರಿಯರೊಬ್ಬರು ಹತ್ತಿರ ಬಂದು ಬೆನ್ನು ತಟ್ಟಿದರು. “ಗೆದ್ದ ಮರುಕ್ಷಣ ಜನರಿಗೆ ಬೆನ್ನು ಹಾಕುದನ್ನು ಇಷ್ಟು ಚೆಂದ ತೋರಿಸಿದವರು ಬೇರೆ ಇಲ್ಲ. ಅದನ್ನು ಮಾತ್ರ ಬಿಡ್ಬೇಡಿ.”

ಸುಳ್ಯದಲ್ಲಿ ಸದನ

ಸುಳ್ಯದಲ್ಲಿ ಆಟವಿದ್ದದ್ದು ಹಬ್ಬದ ಮರುದಿನ. ಹಬ್ಬದ ಮುಂಚೆ ಕ್ಷೌರದಂಗಡಿಗೆ ಬಿಡುವೆಲ್ಲಿ? ವಿರೋಧ ಪಕ್ಷದ ನಾಯಕರು ಬಸ್ಸಿನಲ್ಲಿಯೇ ತೂಕಡಿಸುತ್ತಿದ್ದರು. ಸದನದ ದೃಶ್ಯದಲ್ಲಿ ಅವರದು ಒಂದೇ ಕೆಲಸ. ಮಂತ್ರಿ ಹೊಸ ತೆರಿಗೆಯ ವಿಷಯ ಎತ್ತಿದ ಕೂಡಲೇ ಎದ್ದು “ಇದು ಅನ್ಯಾಯ” ಎಂದು ಕೂಗಬೇಕು. ಅದರಿಂದಲೇ ಗಲಾಟೆಯಾಗಿ ಸರಕಾರ ಬೀಳಬೇಕು.

ಮಂತ್ರಿ ತೆರಿಗೆಯ ವಿಷಯ ಎತ್ತಿದರು. ನಾಯಕರು ಏಳಲಿಲ್ಲ. ಗಲ್ಲಕ್ಕೆ ಕೈ ಕೊಟ್ಟು, ಮುಗುಳ್ನಗುತ್ತಾ, ಎಳೆಮಗುವಿನಂತೆ ನಿದ್ದೆ ಹೋಗಿದ್ದರು. ಮಂತ್ರಿ ಇನ್ನೊಮ್ಮೆ ತೆರಿಗೆ ಎಂದರು. ಪರದೆಯ ಹಿಂದಿನಿಂದ ನನ್ನ ಗಂಡ “ಅನ್ಯಾಯ, ಅನ್ಯಾಯ” ಎಂದು ಪಿಸುಗುಟ್ಟಿದರು. ಅದು ಸಭೆಗೆಲ್ಲ ಕೇಳಿತು, ನಾಯಕರಿಗೆ ಕೇಳಲಿಲ್ಲ.

ಕೊನೆಗೆ ಮಾಸ್ಟ್ರು ಧೈರ್ಯ ತಂದುಕೊಂಡು, “ವಿರೋಧ ಪಕ್ಷದವರ ಮೌನವೇ ಒಪ್ಪಿಗೆ” ಎಂದು ಹೇಳಿ ತೆರಿಗೆಯನ್ನು ಪಾಸು ಮಾಡಿದರು. ಸರಕಾರ ಬೀಳದೆ ಮುಂದಿನ ದೃಶ್ಯಕ್ಕೆ ದಾರಿಯೇ ಇಲ್ಲ. ಪರದೆ ಇಳಿಸಿದರು. ಸುಳ್ಯದ ಜನ ಅದೇ ಮುಕ್ತಾಯವೆಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಚಪ್ಪಾಳೆಗೆ ನಾಯಕರಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ಕೇಳಿದರು, “ಸರಕಾರ ಬಿತ್ತಾ?”

“ಇಲ್ಲ ಮಾರಾಯ್ರೆ” ಎಂದರು ನನ್ನ ಗಂಡ, “ನಿಮ್ಮ ಬೆಂಬಲದಿಂದ ಉಳೀತು.”

ಕಡಬದ ದೋಣಿ

ಕಡಬದ ಆಟಕ್ಕೆ ನಾನೂ ಹೋದೆ. ಮಂತ್ರಿಯ ಹೆಂಡತಿ ಉಡುತ್ತಿದ್ದದ್ದು ನನ್ನ ಮದುವೆಯ ಸೀರೆ. ಅದೊಂದನ್ನೇ ಹೊಳೆ ದಾಟಿಸಲು ನನಗೆ ಮನಸ್ಸಿರಲಿಲ್ಲ. ಆಚೆ ದಡದಲ್ಲಿ ವೇಷ ಕಟ್ಟಲು ಜಾಗವಿಲ್ಲವೆಂದು ಎಲ್ಲರೂ ಈಚೆಯೇ ಸಿದ್ಧವಾಗಿ ದೋಣಿ ಹತ್ತಿದರು. ಇಳಿಹೊತ್ತು. ಹೊಳೆಯ ಮೇಲೆ ತೆಳ್ಳಗೆ ಮಂಜು. ಹುಟ್ಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಿಳಿ ಟೋಪಿ, ಬಿಳಿ ಜುಬ್ಬದಲ್ಲಿ ಮಾಸ್ಟ್ರು ದೋಣಿಯ ನಡುವೆ ಕೂತಿದ್ದರೆ ನನಗೇ ಎದ್ದು ಕೈಮುಗಿಯಬೇಕು ಅನಿಸಿತು.

ನಡುಹೊಳೆಯಲ್ಲಿ ದೋಣಿಯವ ಹುಟ್ಟು ನಿಲ್ಲಿಸಿದ. “ಮಂತ್ರಿಗಳಲ್ವಾ? ಒಂದು ಮಾತುಂಟು. ಇಲ್ಲಿ ಹೊಳೆ ದಾಟ್ಲಿಕ್ಕೆ ಸಂಕ ಕಟ್ಟಿಸ್ತೀರಂತೆ. ಕಟ್ಟಿಸಿ, ಬೇಡ ಹೇಳುದಿಲ್ಲ. ಆದರೆ ಸಂಕ ಆದ ಮೇಲೆ ನನ್ನ ದೋಣಿ ಯಾರಿಗೆ ಬೇಕು? ಮಗಳೊಬ್ಬಳಿದ್ದಾಳೆ. ಅವಳ ಮದುವೆವರೆಗೆ ಕಟ್ಟಿಸ್ಬೇಡಿ.”

ಮಾಸ್ಟ್ರು ನಿಜ ಹೇಳಲು ಬಾಯಿ ತೆರೆದರು. ಎದುರಿನವನ ಮುಖ ನೋಡಿದರು. ಬಾಯಿಂದ ಬಂದದ್ದು, “ಆಗಲಿ. ಕಟ್ಟಿಸುವುದಿಲ್ಲ.”

ದೋಣಿಯವ ಹುಟ್ಟು ಬದಿಗಿಟ್ಟು ಕೈಮುಗಿದ. ಅಷ್ಟರಲ್ಲಿ ದೋಣಿ ತನ್ನಷ್ಟಕ್ಕೆ ಕೆಳಕ್ಕೆ ಹರಿದು, ಇಳಿಯಬೇಕಾದ ಕಡವು ದೂರ ಹಿಂದೆ ಉಳಿದಿತ್ತು.

ಮುಂದಿನ ವರ್ಷ ಬೇಸಿಗೆಯಲ್ಲಿ ಆತ ಪುತ್ತೂರಿಗೆ ಬಂದು, ಮಂತ್ರಿಗಳ ಮನೆ ಎಲ್ಲಿ ಎಂದು ಕ್ಷೌರದಂಗಡಿಯಲ್ಲಿ ಕೇಳಿದ. ಮಗಳ ಮದುವೆಗೆ ಕರೆಯಬೇಕಿತ್ತು. ಅಂಗಡಿಯವರು, “ಅವರು ಈಗ ಶಾಲೆಯ ಕೆಲಸದಲ್ಲಿದ್ದಾರೆ, ನಾನು ತಿಳಿಸ್ತೇನೆ” ಎಂದು ಕಳಿಸಿದರು. ಸುಳ್ಳೇನಲ್ಲ.

ಮಾಸ್ಟ್ರು ಎರಡು ಹೊತ್ತು ಊಟ ಬಿಟ್ಟರು. ಹೋಗದಿದ್ದರೆ ಆತನ ಮನಸ್ಸಿಗೆ ನೋವು, ಹೋದರೆ ಮೋಸ. ಕಡೆಗೆ, “ಹೋಗಿ ನಿಜ ಹೇಳಿ ಬರ್ತೇನೆ” ಎಂದು ಬರೇ ಪಂಚೆ-ಅಂಗಿಯಲ್ಲಿ ಹೊರಟರು. ಧೈರ್ಯಕ್ಕೆ ನಾವೂ ಜೊತೆಗೆ ಹೋದೆವು.

ನಿಜ ಹೇಳಲು ಯಾರು ಬಿಡಬೇಕು? ದೋಣಿಯವ ಅವರ ಕೈ ಹಿಡಿದು ಚಪ್ಪರದ ಎದುರಿನ ಕುರ್ಚಿಯಲ್ಲಿ ಕೂರಿಸಿ, ಬೀಗರಿಗೆಲ್ಲ “ಇವರು ಮಂತ್ರಿಗಳು” ಎಂದು ತೋರಿಸಿದ. ಮಾಸ್ಟ್ರು ಬೆವರುತ್ತಿದ್ದರು. ಮದುಮಗನ ಸೋದರಮಾವ, ಸುಳ್ಯದ ಬದಿಯ ಪಂಜದವರು, ಬಗ್ಗಿ ಬಗ್ಗಿ ನೋಡಿ ಹೇಳಿಯೇ ಬಿಟ್ಟರು, “ಇವರೆಂತ ಮಂತ್ರಿ? ಸುಳ್ಯದಲ್ಲಿ ನಾಟಕ ಮಾಡಿದವರಲ್ವಾ?”

ಮಾಸ್ಟ್ರು ಎದ್ದು ನಿಂತು ದೋಣಿಯವನಿಗೆ ಕೈಮುಗಿದರು. “ಹೌದು. ನಾನು ಬರೇ ನಾಟಕದ ಮಂತ್ರಿ. ಆವತ್ತು ಹೇಳ್ಬೇಕಿತ್ತು, ಆಗ್ಲಿಲ್ಲ.”

ದೋಣಿಯವ ಅವರ ಭುಜ ಹಿಡಿದು ಅದೇ ಕುರ್ಚಿಯಲ್ಲಿ ಕೂರಿಸಿ, ಬೀಗರ ಕಡೆ ತಿರುಗಿದ.

“ನಿಜದ ಮಂತ್ರಿ ಸಂಕ ಕಟ್ಟಿಸ್ತೇನೆ ಅಂದ್ರಂತೆ. ಕಟ್ಟಿಸ್ಲಿಲ್ಲ. ಇವರು ಕಟ್ಟಿಸುದಿಲ್ಲ ಅಂದ್ರು. ಕಟ್ಟಿಸ್ಲಿಲ್ಲ. ನಾನು ಕಂಡ ಹಾಗೆ ಮಾತು ಉಳಿಸಿಕೊಂಡ ಮಂತ್ರಿ ಇವರೊಬ್ಬರೇ. ಮೊದಲು ಇವರಿಗೆ ಬಡಿಸಿ.”