ಅಜ್ಜಿಗೊಪ್ಪುವ ಲೆನ್ಸು

ನಮ್ಮ ಸೋದರಮಾವನಿಗೆ ಹದಿಮೂರು ಕಣ್ಣುಗಳಿದ್ದವು. ನಂಬುವುದಿಲ್ಲವೆ? ನಂಬಬೇಡಿ! ಯಾವುದನ್ನೂ ಸುಮ್ಮನೆ ನಂಬಬಾರದೆಂದೇ ನಾನೂ ಹೇಳುವುದು. ಮೈಸೂರಿನ ಕಾಲೇಜಿನ ಚರ್ಚಾಕೂಟದಲ್ಲಿ ಎರಡು ವರ್ಷ ಗಂಟಲು ಹರಿದುಕೊಂಡವನು ನಾನು, ಪ್ರಮಾಣವಿಲ್ಲದೆ ಮಾತಾಡುವುದಿಲ್ಲ. ಎರಡು ಕಣ್ಣು ಮುಖದ ಮೇಲಿದ್ದವು. ಅವುಗಳ ಮೇಲೆ ಮಾವನಿಗೆ ಅಂಥ ಭರವಸೆಯೇನೂ ಇರಲಿಲ್ಲ. ಉಳಿದ ಹನ್ನೊಂದು ಕಣ್ಣುಗಳು ಹಿತ್ತಾಳೆಯ ಕೊಳವೆಗಳಲ್ಲಿ ಕೂತು, ಅರಳೆಯ ಹಾಸಿಗೆಯ ಮೇಲೆ, ತಗಡಿನ ಪೆಟ್ಟಿಗೆಯೊಳಗೆ ಮಲಗಿದ್ದವು. ಪೆಟ್ಟಿಗೆಗೆ ಬೀಗ, ಬೀಗದ ಕೈ ಮಾವನ ಉಡಿದಾರದಲ್ಲಿ. ಅತ್ತೆಯ ಒಡವೆಯ ಪೆಟ್ಟಿಗೆ ಮಾತ್ರ ಹಾರುಹೊಡೆದಂತೆ ತೆರೆದೇ ಇರುತ್ತಿತ್ತು.

ಮಾವನದು ಚಿತ್ರದುರ್ಗದ ಪೇಟೆಯಲ್ಲಿ ಹತ್ತಿಯ ವ್ಯಾಪಾರ. ಹಾಗೆಂದು ಅಂಗಡಿಯ ಹಲಗೆ ಹೇಳುತ್ತಿತ್ತು. ಮಾವ ಇರುತ್ತಿದ್ದುದು ಮಾತ್ರ ಕ್ಯಾಮೆರಾದ ಕಪ್ಪು ಮುಸುಕಿನೊಳಗೆ. ಆ ಕ್ಯಾಮೆರಾ ಎಂದರೆ ಏನು! ಅಡುಗೆಮನೆಯ ಕಿಟಕಿಯಷ್ಟು ಅಗಲ, ಹಾರ್ಮೋನಿಯಂನಂಥ ತಿದಿ, ಮೂರು ಕಾಲು. ಹಿಂದೆ ಚಿತ್ರ ಮೂಡುವ ಗಾಜಿನ ಪ್ಲೇಟು, ಮುಂದೆ ಲೆನ್ಸು. ಲೆನ್ಸಿನ ಮುಚ್ಚಳವನ್ನು ಕೈಯಿಂದ ತೆಗೆದು, 'ನಮಃ ಶಿವಾಯ' ಎಂದು ಎಣಿಸಿ, ಮತ್ತೆ ಮುಚ್ಚಬೇಕು. ಮೋಡದ ದಿನ ಐದು ನಮಃ ಶಿವಾಯ, ಬಿಸಿಲಾದರೆ ಎರಡು. ಇಷ್ಟು ಪುಣ್ಯವನ್ನು ಕೂತಲ್ಲೇ ಗಳಿಸಿದ ವ್ಯಾಪಾರಿ ನಮ್ಮ ಕುಲದಲ್ಲಿ ಇನ್ನೊಬ್ಬನಿಲ್ಲ.

ಹನ್ನೊಂದು ಯಾಕೆ ಬೇಕೆಂದು ಒಮ್ಮೆ ಕೇಳಿದೆ.

"ಇದು ಗೌಡ್ರಿಗೆ. ಮೀಸೇನ ಎಳೆಎಳೆ ಎಣಿಸ್ತೈತೆ. ಇದು ಮದುಮಕ್ಕಳಿಗೆ, ಸಿಡುಬಿನ ಕಲೆ ಮರೆಸ್ತೈತೆ. ಈ ಮಂದಗಣ್ಣು ಕೋಟೆಗೆ. ಕೋಟೆಗೇನು ಅವಸರ ಐತೆ, ಎಷ್ಟೊತ್ತು ಬೇಕಾದ್ರೂ ಕುಂತ್ಕಂಡಿರ್ತೈತೆ."

"ನನಗೆ ಯಾವುದು ಮಾವ?"

"ವಾದ ಮಾಡೋ ಮುಖಕ್ಕೆ ಲೆನ್ಸು ಇನ್ನೂ ಹುಟ್ಟಿಲ್ಲ ಕಣಪ್ಪ."

ಲೆನ್ಸನ್ನು ಪರೀಕ್ಷಿಸುವ ಬಗೆಯೂ ಅವನದೇ. ಮಸಿ ಸವರಿದ ಒಂದು ಎಸಳು ಹತ್ತಿಯನ್ನು ಬಿಸಿಲಿನಲ್ಲಿಟ್ಟು, ಲೆನ್ಸಿನಿಂದ ಸೂರ್ಯನನ್ನು ಅದರ ಮೇಲೆ ಇಳಿಸಿ, ನಮಃ ಶಿವಾಯ ಎಣಿಸುವುದು. ಹತ್ತರೊಳಗೆ ಹೊಗೆ ಬಂದರೆ ಆ ಲೆನ್ಸಿಗೆ ಪೆಟ್ಟಿಗೆಯಲ್ಲಿ ಜಾಗ. ಇದು ಯಾವ ಶಾಸ್ತ್ರದಲ್ಲಿದೆ? ಯಾವುದರಲ್ಲೂ ಇಲ್ಲ ಎಂದು ನಾನು ಖಂಡಿಸಿದೆ. ಮಾವ ಕೇಳಿಸಿಕೊಳ್ಳುತ್ತಲೇ ನನ್ನ ಹೊಸ ಪಂಚೆಯ ಅಂಚಿನಲ್ಲಿ ಒಂದು ತೂತು ಸುಟ್ಟ. "ನೋಡು, ಏಳಕ್ಕೇ ಹತ್ತಿಕೊಂತು!"

ಹೋದ ವರ್ಷದ ಆಯುಧಪೂಜೆಯಲ್ಲಿ ಅತ್ತೆ ಎಲ್ಲ ಲೆನ್ಸುಗಳನ್ನೂ ಸಾಲಾಗಿ ಇಟ್ಟು, ಒಂದೊಂದರ ಗಾಜಿಗೂ ಮೂರು ಬೆರಳು ವಿಭೂತಿ ಬಳಿದಿದ್ದಳು. ಆಯುಧವೆಂದ ಮೇಲೆ ವಿಭೂತಿ ಬೇಡವೆ? ಮಾವ ನೋಡಿಕೊಳ್ಳದೆ ಅವುಗಳಲ್ಲೊಂದನ್ನು ಹಾಗೇ ಸಿಕ್ಕಿಸಿ ಹೊಳಲ್ಕೆರೆಯ ಅಮಲ್ದಾರರ ಚಿತ್ರ ತೆಗೆದುಬಂದ. ಚಿತ್ರದಲ್ಲಿ ಅಮಲ್ದಾರರ ತಲೆಯ ಸುತ್ತ ಬೆಳ್ಳನೆಯ ಪ್ರಭಾವಳಿ! ಮಾವ ಬೆವರಿಹೋದ. ಅಮಲ್ದಾರರು ಬಹಳ ಹೊತ್ತು ನೋಡಿ, "ನಮ್ಮ ಮನೆಯಾಕೆ ನಂಬ್ತಾನೇ ಇರಲಿಲ್ಲ. ಇನ್ನೆರಡು ಪ್ರತಿ ಕೊಡ್ರಿ" ಎಂದರಂತೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮೂರು ತಾಲ್ಲೂಕಿನ ಮುಖಗಳನ್ನು ಗಾಜಿಗಿಳಿಸಿದ ಈ ಮಹಾಶಯನ ಹತ್ತಿರ ಒಂದೇ ಒಂದು ಮುಖ ಇರಲಿಲ್ಲ: ಹೆತ್ತ ತಾಯಿಯದು.

ಅಜ್ಜಿಗೆ ತಲೆ ಅಲ್ಲಾಡುವ ವ್ಯಾಧಿ. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ, ಎಚ್ಚರವಿರುವಷ್ಟು ಹೊತ್ತೂ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವರು ಆಕೆಯ ತಲೆ ನೋಡಿ ಬೇಡವೆಂದುಕೊಂಡು ಮುಂದೆ ಹೋಗಿಬಿಡುತ್ತಿದ್ದರು. "ಲೇ, ತಲೆ ನೋಡಬ್ಯಾಡ್ರೋ, ಎಲೆ ನೋಡ್ರೋ!" ಎಂದು ಅಜ್ಜಿ ಕೂಗಬೇಕಾಗುತ್ತಿತ್ತು. ಅಂಥವಳು ಎರಡು ನಮಃ ಶಿವಾಯದ ತನಕ ಅಲುಗದೆ ಕೂರುವುದೆಲ್ಲಿ ಬಂತು? ಮಾವ ತೆಗೆದ ಏಳು ಪ್ಲೇಟುಗಳಲ್ಲೂ ಸೀರೆಯ ನಿರಿಗೆ ಸ್ಪಷ್ಟ, ಕೈಬೆರಳು ಸ್ಪಷ್ಟ, ಕುರ್ಚಿಯ ಕೆತ್ತನೆ ಸ್ಪಷ್ಟ. ಹೆಗಲ ಮೇಲೆ ಮಾತ್ರ ಒಂದು ಮೋಡ.

ತಲೆ ಅಲುಗದಂತೆ ಹಿಂದಿನಿಂದ ಕುತ್ತಿಗೆಗೆ ಆನಿಸುವ ಕಬ್ಬಿಣದ ಕವಲನ್ನು ಮಾವ ತರಿಸಿದ. "ಏನ್ಲಾ, ಹೆತ್ತೋಳ್ನ ನೇಣಿಗೆ ಹಾಕ್ತೀಯಾ?" ಎಂದು ಅಜ್ಜಿ ಎದ್ದು ಹೋದಳು. ನಿದ್ದೆಯಲ್ಲಿ ತಲೆ ನಿಲ್ಲುತ್ತದಲ್ಲ, ಆಗ ತೆಗೆ ಎಂದು ಅತ್ತೆ ಹೇಳಿದಳು. ಕಣ್ಣು ಮುಚ್ಚಿದ ಚಿತ್ರ ಬೇಡವೆಂದ. ಆಗ ಪೇಟೆಯ ಗೆಳೆಯನೊಬ್ಬ ತಮಾಷೆಗೆ ಅಂದುಬಿಟ್ಟ: "ಯಾಕಪ್ಪಾ ಇಷ್ಟು ಒದ್ದಾಡ್ತೀಯ? ಒಂದಿನ ತಾನಾಗೇ ಕದಲದಂಗೆ ಕುಂತ್ಕಂತಾಳೆ. ಆವಾಗ ತೆಗೆದ್ರಾತು."

ಈ ಮಾತಿನ ಮುಳ್ಳು ನಮ್ಮ ಕಡೆಯವರಿಗೇ ಗೊತ್ತು. ನಾವು ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತೇವೆ, ವಿಭೂತಿ ಹಚ್ಚುತ್ತೇವೆ, ಹೂ ಮುಡಿಸುತ್ತೇವೆ. ಬದುಕಿರುವಾಗ ಚಿತ್ರ ತೆಗೆಸಿದರೆ ಆಯುಷ್ಯ ಕಡಿಮೆಯೆಂದು ಹೆದರುತ್ತಿದ್ದ ಜನ ಆಯುಷ್ಯ ಮುಗಿದ ಮೇಲೆ ಮಾವನಿಗೆ ಹೇಳಿಕಳಿಸುತ್ತಿದ್ದರು. ಅವನು ತೆಗೆದ ಅತ್ಯಂತ ಸ್ಪಷ್ಟವಾದ ಚಿತ್ರಗಳೆಲ್ಲ ಅಂಥವೇ. ಗೆಳೆಯನಿಗೆ ಮಾವ ಒಂದೇ ಮಾತು ಹೇಳಿದ: "ನಮ್ಮವ್ವ ಕದಲದಂಗೆ ಕುಂತ ದಿನ ನಾನು ಕ್ಯಾಮೆರಾ ಮುಟ್ಟಲ್ಲ. ಅಲ್ಲಾಡೋ ಹೊತ್ನಾಗೇ ತೆಗೀತೀನಿ. ಬರೆದಿಟ್ಕ."

ಈ ದಸರೆಯ ರಜೆಗೆ ನಾನು ಬಂದಾಗ ಅಜ್ಜಿ ಬಹಳ ಇಳಿದುಹೋಗಿದ್ದಳು. ಮಾವನ ಹಟ ಅಷ್ಟೇ ಏರಿತ್ತು. ನಾನು ಬೆಂಗಳೂರಿನ ಅಂಗಡಿಯ ಪಟ್ಟಿಯನ್ನು ಮುಂದಿಟ್ಟು ಪಡಸಾಲೆಯಲ್ಲಿ ವಾದ ಹೂಡಿದೆ.

"ಹೊಸ ಜರ್ಮನಿ ಲೆನ್ಸು ತರಿಸು ಮಾವ. ನಡುವೆ ಎಷ್ಟು ಸ್ಪಷ್ಟವೋ ನಾಲ್ಕು ಮೂಲೆಯೂ ಅಷ್ಟೇ ಸ್ಪಷ್ಟ. ಇದು ಪರೀಕ್ಷೆಯಿಂದ ಸಿದ್ಧವಾದ ಮಾತು."

"ಮೂಲೇಲಿ ಯಾರು ಕುಂತವ್ರೆ?"

"ಯಾರೂ ಇಲ್ಲ."

"ಮತ್ತೆ?"

ಚರ್ಚಾಕೂಟದಲ್ಲಿ ಗಂಟೆ ಬಾರಿಸುವುದು ಇಂಥ ಹೊತ್ತಿಗೆ. ಮಾವ ಬಿಡಲಿಲ್ಲ. "ನಿನ್ನ ಹೊಸದರ ಬಾಯಿ ಸಣ್ಣದು ಕಣೋ. ಬೆಳಕನ್ನ ಗುಟುಕು ಗುಟುಕಾಗಿ ಕುಡೀತೈತೆ. ಅಷ್ಟೊತ್ತಿಗೆ ಅವ್ವನ ತಲೆ ನಾಕು ಸಲ ಹೋಗಿಬಂದಿರ್ತೈತೆ. ಹಳೇ ಕಾಲದಲ್ಲಿ ಪ್ಲೇಟು ಮಂದ. ಅದಕ್ಕೆ ಮುಖ ತೆಗೆಯೋ ಲೆನ್ಸಿಗೆ ಇಷ್ಟಗಲ ಬಾಯಿ ಮಾಡ್ತಿದ್ರು, ಗಟಗಟ ಕುಡಿಯಂಗೆ. ಮೂಲೆಗೆಲ್ಲ ಮಂಜು ಕವೀತೈತೆ. ಕವೀಲಿ! ಮೂಗು, ಎರಡು ಕಣ್ಣು ಬಂದ್ರೆ ಸಾಕು ನಂಗೆ."

ಅಂಥದ್ದೊಂದು ಹೊಸದುರ್ಗದಲ್ಲಿದೆಯೆಂದು ಯಾರೋ ಹೇಳಿದ್ದರು. ಮಾವನೂ ನಾನೂ ಗಾಡಿ ಕಟ್ಟಿಕೊಂಡು ಹೋಗಿ ನೋಡಿದರೆ ರೈಲಿನ ಸಿಗ್ನಲ್ ಕೈಕಂಬದ ದೀಪದ ಗಾಜು, ಅದೂ ಕೆಂಪು! ಮಾವ ಅದಕ್ಕೂ ಹತ್ತಿಯ ಪರೀಕ್ಷೆ ಮಾಡದೆ ಬಿಡಲಿಲ್ಲ. ಎರಡನೆಯ ಸುದ್ದಿ ಹಿರಿಯೂರಿನ ಆಚೆಯ ಜವನಗೊಂಡನಹಳ್ಳಿಯಿಂದ. ಮಾರಿಕಣಿವೆಯ ಕಟ್ಟೆ ಕಟ್ಟುವಾಗ ಒಬ್ಬ ಇಂಗ್ಲಿಷ್ ದೊರೆಗೆ ಅಡುಗೆ ಮಾಡುತ್ತಿದ್ದ ಮುದುಕನೊಬ್ಬ ಅಲ್ಲಿ ಕುರಿ ಸಾಕಿಕೊಂಡಿದ್ದ. ದೊರೆ ಊರು ಬಿಡುವಾಗ ಕೊಟ್ಟುಹೋದ ಹಿತ್ತಾಳೆಯ ಸಾಮಾನೊಂದು ಅವನ ಮನೆಯಲ್ಲಿತ್ತು. ಎಲ್ಲಿ? ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ, ಭಾರಕ್ಕೆ.

ಅರ್ಧ ಸೇರಿನ ಪಾತ್ರೆಯಷ್ಟು ಗಾತ್ರ. ಒಳಗೆ ಹಿಂದೊಂದು ಮುಂದೊಂದು ದಪ್ಪ ಗಾಜು. ಮಾವ ಅದನ್ನು ಅಂಗಳಕ್ಕೆ ತಂದು ಹತ್ತಿ ಇಟ್ಟ. ನಮಃ ಶಿವಾಯ, ನಮಃ ಶಿವಾಯ... ಮೂರನೆಯದು ಮುಗಿಯುವುದರೊಳಗೆ ಹೊಗೆಯಲ್ಲ, ಉರಿಯೇ ಎದ್ದಿತು! ಮಾವ ಮುದುಕನ ಕಡೆ ತಿರುಗಿದ.

"ಕೊಡ್ತೀಯೇನಪ್ಪ?"

"ಜಾಡಿ ಬೆಕ್ಕಿನ ಪಾಲಾಗ್ತೈತಲ್ಲ ಸ್ವಾಮಿ," ಎಂದ ಮುದುಕ. ಸ್ವಲ್ಪ ಯೋಚಿಸಿ, "ನಮ್ಮ ಟಗರಿಂದು ಒಂದು ಚಿತ್ರ ತೆಗೆದುಕೊಡ್ರಿ. ನಂದು ಬ್ಯಾಡ. ಟಗರಿಂದು" ಎಂದ.

ಗಾಡಿಯಿಂದ ಇಳಿಸಿದ ಕ್ಯಾಮೆರಾದ ಮುಂದೆ ಟಗರು ಅಮಲ್ದಾರರಿಗಿಂತ ಗಂಭೀರವಾಗಿ ನಿಂತು ಚಿತ್ರ ತೆಗೆಸಿಕೊಂಡಿತು. ಜಾಡಿಯ ಮೇಲೆ ಒಂದು ಗುಂಡುಕಲ್ಲು ಏರಿತು. ಮಾವ ದುರ್ಗದವರೆಗೂ ಲೆನ್ಸನ್ನು ಮಡಿಲಲ್ಲಿಟ್ಟುಕೊಂಡು ಬಂದ. ನಮ್ಮಿಬ್ಬರ ಮೈಯೂ ಉಪ್ಪಿನಕಾಯಿಯ ವಾಸನೆ.

ಮರುದಿನವೇ ಆಯುಧಪೂಜೆ. ಅತ್ತೆ ಈ ಸಲ ಗಾಜಿಗೆ ವಿಭೂತಿ ಹಚ್ಚಲಿಲ್ಲ, ಬುದ್ಧಿ ಕಲಿತಿದ್ದಳು. ಗಾಜುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟು, ಕೊಳವೆಯನ್ನು ಹುಣಸೇಹಣ್ಣು ಬೂದಿ ಹಾಕಿ ದೀಪಾಲೆ ಕಂಬದಂತೆ ಬೆಳಗಿದಳು! ಮಾವ ನೋಡಿದರೆ ಕೂಗಾಡುತ್ತಾನೆಂದು ಹೆದರಿ ನನ್ನ ಕೈಗೆ ಕೊಟ್ಟಳು. "ನೀನು ಓದಿದೋನು, ಜೋಡಿಸಿಕೊಡಪ್ಪ." ಗಾಜಿಗೆ ಎರಡು ಮಗ್ಗುಲು, ಬೆಳಕಿಗೆ ಯಾವುದಾದರೇನು? ಹೀಗೆಂದು ತರ್ಕ ಮಾಡಿ ಜೋಡಿಸಿದೆ. ಸಲೀಸಾಗಿ ಕೂತಿತು.

ಆ ಮಧ್ಯಾಹ್ನ ತೆಗೆದ ಪ್ಲೇಟಿನಲ್ಲಿ ಅಜ್ಜಿಯ ತಲೆಯಷ್ಟೇ ಅಲ್ಲ, ಕುರ್ಚಿಯೂ ಮೋಡ, ಸೀರೆಯೂ ಮೋಡ! ಮಾವ ಉಣ್ಣಲಿಲ್ಲ. ನಾನು ಸುಮ್ಮನಿರಬಹುದಿತ್ತಲ್ಲವೆ? ಇರಲಿಲ್ಲ. ಹಳೆಯದೆಂಬುದು ಒಳ್ಳೆಯದಕ್ಕೆ ಪ್ರಮಾಣವಲ್ಲವೆಂದು ಅರ್ಧ ಗಂಟೆ ಭಾಷಣ ಬಿಗಿದೆ. ಮಾವ ಲೆನ್ಸನ್ನು ಹಿಡಿದು ಹಿತ್ತಲಲ್ಲಿ ಕೂತ. ಬಿಚ್ಚಿದ, ನೋಡಿದ, ಬೆರಳಿನಿಂದ ಗಾಜಿನ ಉಬ್ಬು ತಗ್ಗು ತಡವಿದ. ಸಂಜೆಯ ಹೊತ್ತಿಗೆ ಒಳಗೆ ಬಂದು ಮೆಲ್ಲನೆ ಕೇಳಿದ:

"ಹಿಂದಿನ ಗಾಜು ತಿರುವುಮುರುವು ಕುಂತೈತೆ. ಯಾರು ಜೋಡಿಸಿದ್ದು?"

ಅತ್ತೆ ನನ್ನ ಮುಖ ನೋಡಿದಳು, ನಾನು ತೊಲೆ ನೋಡಿದೆ. ಮಾವನಿಗೆ ಅಷ್ಟು ಸಾಕಾಯಿತು. "ಬೆಳಗ್ಗೆ ಪಂಚೆ ಹಿಡ್ಕಂಡು ನಿಂತ್ಕ. ಅದೇ ನಿನ್ನ ಪ್ರಾಯಶ್ಚಿತ್ತ."

ಬೆಳಗ್ಗೆ ಹಿತ್ತಲಿನ ಸುಣ್ಣದ ಗೋಡೆಯ ಮುಂದೆ ಅಜ್ಜಿಯನ್ನು ಕೂರಿಸಿದ. ಬಿಸಿಲು ತಟ್ಟಿ ಆಕೆಯ ಮುಖಕ್ಕೆ ಮರಳಿ ಬೀಳುವಂತೆ ನಾನು ಬಿಳಿ ಪಂಚೆಯನ್ನು ಚಾಚಿ ಹಿಡಿದೆ. ಮಾವ ಮುಸುಕಿನಿಂದ ಹೊರಬಂದು, ಮುಚ್ಚಳದ ಮೇಲೆ ಕೈಯಿಟ್ಟು, ಸುಮ್ಮನೆ ತಾಯಿಯ ತಲೆಯನ್ನೇ ನೋಡುತ್ತ ನಿಂತ. ಎಷ್ಟು ಹೊತ್ತು! ಎಡಕ್ಕೆ, ಬಲಕ್ಕೆ. ಆಗ ನನಗೂ ಕಂಡಿತು: ಉಯ್ಯಾಲೆ ತಿರುಗುವ ಮುನ್ನ ತುದಿಯಲ್ಲೊಂದು ಗಳಿಗೆ ನಿಲ್ಲುತ್ತದಲ್ಲ, ಹಾಗೆ ಅಜ್ಜಿಯ ತಲೆಯೂ ಪ್ರತಿ ಸಲ ಎಡದ ಕೊನೆಯಲ್ಲಿ ಕಣ್ಣೆವೆಯಷ್ಟು ಹೊತ್ತು ನಿಲ್ಲುತ್ತಿತ್ತು.

"ಆತೇನೋ? ಕುಂತು ಕುಂತು ಸೊಂಟ ಹಿಡೀತು," ಎಂದಳು ಅಜ್ಜಿ.

"ಇನ್ನೊಂಚೂರು ಕಣವ್ವ."

ಮಾವನ ಕೈ ಹಕ್ಕಿಯಂತೆ ಹಾರಿ ಕೂತಿತು. 'ನಮಃ' ಎನ್ನುವುದಕ್ಕೂ ಸಮಯವಿರಲಿಲ್ಲ. ಹೀಗೆ ಆರು ಪ್ಲೇಟು. ಕತ್ತಲೆ ಕೋಣೆಯಿಂದ ಐದನ್ನು ಕೆಟ್ಟವೆಂದು ಹೊರಗಿಟ್ಟ. ಆರನೆಯದನ್ನು ಹಿಡಿದು ತಾನೂ ಹೊರಬಂದ. ನಾನು ಬೆಳಕಿಗೆ ಹಿಡಿದು ನೋಡಿದೆ. ಕುರ್ಚಿಯ ತೋಳು ಮಂಜು, ಕಿವಿಯೂ ಅರೆಮಂಜು. ನಡುವೆ ಮುಖ. ಹಣೆಯ ವಿಭೂತಿಯ ಬಿರುಕು, ಕೆನ್ನೆಯ ಸುಕ್ಕು, ಏನೋ ಅನ್ನಲು ಹೊರಟು ತೆರೆದ ತುಟಿ. ಜೀವಂತ!

ಕಾಗದಕ್ಕಿಳಿಸಿದ ಪಟವನ್ನು ಮಾವ ತಾಯಿಯ ಕೈಗೆ ಕೊಟ್ಟಾಗ ನಾವೆಲ್ಲ ಸುತ್ತ ಕೂತಿದ್ದೆವು. ಅಜ್ಜಿ ದೂರ ಹಿಡಿದಳು, ಹತ್ತಿರ ಹಿಡಿದಳು. ಆಮೇಲೆ ಸಣ್ಣ ದನಿಯಲ್ಲಿ,

"ನಮ್ಮವ್ವ ಕಣೋ ಇವಳು," ಎಂದಳು. "ನಮ್ಮವ್ವನ್ನ ಎಲ್ಲಿ ಹುಡುಕಿದ್ಯೋ?"

ಆಕೆಯ ತಾಯಿ ತೀರಿಕೊಂಡದ್ದು ಈ ಸೀಮೆ ಕ್ಯಾಮೆರಾ ಕಾಣುವ ಮೊದಲು. ಅಜ್ಜ ತೀರಿಕೊಂಡದ್ದು ಮಾವ ಮಗುವಾಗಿದ್ದಾಗ. ಅಂದು ಅಜ್ಜಿಯ ಕೈಯಿಂದ ತೆಗೆದಿಟ್ಟ ಕನ್ನಡಿಯನ್ನು ಮತ್ತೆ ಯಾರೂ ಕೊಟ್ಟಿರಲಿಲ್ಲ. ಗಂಡ ಹೋದವಳಿಗೆ ಕನ್ನಡಿ ಯಾಕೆ ಎನ್ನುವುದು ನಮ್ಮ ಮನೆಯ ಪದ್ಧತಿ. ಎಲ್ಲದಕ್ಕೂ ಪ್ರಮಾಣ ಕೇಳುವ ನಾನು ಅದನ್ನು ಒಂದು ದಿನವೂ ಪ್ರಶ್ನಿಸಿರಲಿಲ್ಲ. ಅಜ್ಜಿಗೆ ಗೊತ್ತಿದ್ದ ತನ್ನ ಮುಖ ಹರೆಯದ್ದು. ಈ ಮುದಿ ಮುಖವನ್ನು ಆಕೆ ಕಂಡಿದ್ದುದು ಒಬ್ಬಳಲ್ಲೇ.

'ಅಲ್ಲಜ್ಜಿ, ಅದು ನೀನೇ' ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಮಾವ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದ. ಅವನ ಕೈ ತಣ್ಣಗಿತ್ತು. ಪಟ ತೊಳೆದ ಔಷಧದ ನೀರು ಇನ್ನೂ ಆರಿರಲಿಲ್ಲ.

ಅಜ್ಜಿ ಸೆರಗಿನ ಚುಂಗಿನಿಂದ ಪಟದ ಕೆನ್ನೆಯನ್ನು ಮೆತ್ತಗೆ ಒರೆಸಿ, ಅದರ ಹತ್ತಿರ ಬಾಗಿದಳು.

"ಉಂಡ್ಯೇನವ್ವಾ?" ಎಂದು ಕೇಳಿದಳು.