ಅಜ್ಜಿಯನ್ನು ತೆಗೆದದ್ದು

ಮೊಮ್ಮಗಳು ಸಿನಿಮಾ ಶಾಲೆಗೆ ಸೇರಿದ್ದಾಳೆಂಬ ಸುದ್ದಿ ಅಜ್ಜಿಯ ಕಿವಿಗೆ ಬಿದ್ದದ್ದು ಊಟದ ಹೊತ್ತಿನಲ್ಲಿ. ಕೈಯಲ್ಲಿದ್ದ ತುತ್ತು ಬಾಯಿಯ ದಾರಿ ಮರೆತು ನಿಂತಿತು.

"ಸಿನಿಮಾ ನೋಡೋಕೂ ಶಾಲೆ ಬಂತೇನೇ? ಟಿಕೆಟ್ ತಗೊಂಡ್ರೆ ಸಾಲದಾ?"

"ನೋಡೋಕಲ್ಲಜ್ಜಿ, ತೆಗೆಯೋಕೆ."

ಶಾಲೆಯೆಂದರೆ ಟೈರ್ ಅಂಗಡಿಯ ಮಹಡಿ ಮೇಲೆ ಎರಡು ಕೋಣೆ, ಬೆರಳೆಣಿಕೆಯಷ್ಟು ಮಕ್ಕಳು, ಒಬ್ಬ ಗಡ್ಡದ ಮೇಷ್ಟ್ರು. (ಪಾಠ ಮಾಡುವುದು ಮೇಷ್ಟ್ರೋ ಗಡ್ಡವೋ ಎಂಬ ಅನುಮಾನ ಅಜ್ಜಿಗೆ ಕೊನೆಯವರೆಗೂ ಹೋಗಲಿಲ್ಲ.)

ಪರೀಕ್ಷೆ ಹತ್ತಿರ ಬಂದಾಗ ಮೊಮ್ಮಗಳು ಘೋಷಿಸಿದಳು: "ಅಜ್ಜಿ, ಈ ಸಲ ನಿನ್ನನ್ನೇ ತೆಗೀತೀನಿ."

"ಎಲ್ಲಿಂದ ತೆಗೀತೀಯೇ? ಈ ಮನೆಯಿಂದಲಾ?"

"ಅಯ್ಯೋ, ಸಿನಿಮಾ ತೆಗೀತೀನಿ! ನೀನು ಅಡುಗೆಮನೇಲಿ ಟೀ ಕುಡೀತಾ ತೀರಿಹೋದ ತಾತನ್ನ ನೆನೆಸ್ಕೋತೀಯ. ಅಷ್ಟೇ. ಚೆನ್ನಾಗಿ ಬಂದ್ರೆ ನಾನು ಪಾಸು."

ಅಜ್ಜಿ ಬೆಣ್ಣೆಯಂತೆ ಕರಗಿದಳು. ಇಷ್ಟು ವರ್ಷದಲ್ಲಿ ಅವಳು ಮುಖ ತೋರಿಸಿದ ಪರದೆಯೆಂದರೆ ಕಿಟಕಿಯದು ಒಂದೇ. ಇನ್ನು ಬೆಳ್ಳಿಪರದೆ! ಸಂಜೆಯೊಳಗೆ ಪಕ್ಕದ ಮನೆಯ ದರ್ಜಿಯಮ್ಮನಿಗೆ ಆಹ್ವಾನ ಹೋಯಿತು: "ನನ್ನ ಮುಖ ಗೋಡೆಯಷ್ಟಗಲ ಕಾಣುತ್ತಂತೆ. ಮುಂದಿನ ಸಾಲಲ್ಲೇ ಕೂತ್ಕೊಳ್ಳಿ."

ಚಿತ್ರೀಕರಣದ ದಿನ ಮೊಮ್ಮಗಳು ಒಂದು ತುಣುಕು ತೆಗೆದು, ಕ್ಯಾಮೆರಾವನ್ನು ಇನ್ನೊಂದು ಮೂಲೆಗೆ ಒಯ್ಯುವಷ್ಟರಲ್ಲಿ ಅಜ್ಜಿ ಲೋಟ ತೊಳೆದು ಬೋರಲು ಹಾಕಿದ್ದಳು.

"ಅಜ್ಜೀ! ಅದರಲ್ಲಿ ಅರ್ಧ ಟೀ ಇತ್ತಲ್ಲ! ಇದ್ದದ್ದು ಇದ್ದ ಹಾಗೇ ಇರ್ಬೇಕು!"

"ಎಂಜಲು ಲೋಟ ಊರಿಗೆಲ್ಲ ತೋರಿಸಿ ನನ್ನ ಮಾನ ಕಳೀತೀಯಾ? ದರ್ಜಿಯಮ್ಮ ಬೇರೆ ಮುಂದಿನ ಸಾಲಲ್ಲಿರ್ತಾಳೆ!"

ಮತ್ತೆ ಟೀ ಬಂತು. ಮತ್ತೆ ಲೋಟ ಬೋರಲಾಯಿತು. ಆಮೇಲಿನ ತುಣುಕಿಗೆ ಅಜ್ಜಿ ತಲೆ ಬಾಚಿಕೊಂಡು ಬಂದಳು, ಅದರ ಮುಂದಿನದಕ್ಕೆ ಬಟ್ಟೆಯನ್ನೇ ಬದಲಿಸಿಕೊಂಡು.

ಮಾರನೆಯ ದಿನ ಮೊಮ್ಮಗಳು ಶಾಲೆಯಿಂದ ಮುಖ ಜೋಲು ಹಾಕಿಕೊಂಡು ಬಂದಳು. ತುಣುಕುಗಳನ್ನು ಜೋಡಿಸಿದರೆ, ಅಜ್ಜಿ ಒಂದೇ ಗುಟುಕಿನ ನಡುವೆ ಲೋಟ ತೊಳೆದು, ತಲೆ ಬಾಚಿ, ಬಟ್ಟೆ ಬದಲಿಸಿ ಬಂದ ಹಾಗಿತ್ತಂತೆ. ತಾತನನ್ನು ನೆನೆದು ಅಳಬೇಕಾದ ಜಾಗದಲ್ಲಿ ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ.

"ಮೇಷ್ಟ್ರೇನಂದ್ರು?"

"ಅಜ್ಜೀನ ತೆಗಿ ಅಂದ್ರು."

"ಮತ್ತೇನು? ಇನ್ನೊಂದು ಸಲ ತೆಗಿ. ನಾನು ಬೇಡ ಅಂದ್ನಾ?"

"ಆ ತೆಗೆಯೋದಲ್ಲಜ್ಜಿ. ತೆಗೆದುಹಾಕು ಅಂದ್ರು."

"ನನ್ನ ತೆಗೆದ್ರೆ ಇನ್ನೇನುಳಿಯುತ್ತೆ?"

"ಲೋಟ, ಕಿಟಕಿ, ಖಾಲಿ ಕುರ್ಚಿ. ಅದಕ್ಕೇ ಕಥೆ ತಿರುಗಿಸಿದ್ದೀನಿ. ಈಗ ತೀರಿಕೊಂಡಿರೋದು ತಾತ ಅಲ್ಲ, ನೀನು."

"ಲೋಟಕ್ಕೆ ಬೆಳ್ಳಿಪರದೆ, ನನಗೆ ಸಾವಾ! ದರ್ಜಿಯಮ್ಮನಿಗೆ ಯಾವ ಮುಖ ತೋರಿಸ್ಲಿ?"

"ಇದೂ ಕೆಟ್ರೆ ನಾನು ಫೇಲಜ್ಜಿ..." ಮೊಮ್ಮಗಳ ದನಿ ಒಡೆಯಿತು.

ಅಜ್ಜಿ ಅಂಗೈಯಿಂದ ಅವಳ ಕಣ್ಣೊರೆಸಿದಳು. "ಸರಿ ಬಿಡು, ಸತ್ತೆ ಅಂತಿಟ್ಕೋ. ಇನ್ನೇನು ಬೇಕು?"

ಬೇಕಾದದ್ದು ಯಾರೂ ಇಲ್ಲದ ಅಡುಗೆಮನೆಯ ಸದ್ದು ಮಾತ್ರ. ಆದರೆ ಹೊರಗೆ ಹೋಗೆಂದರೆ ಅಜ್ಜಿ ಒಪ್ಪಲಿಲ್ಲ. (ತನ್ನ ಸಾವಿಗೆ ತಾನೇ ಇಲ್ಲದಿದ್ದರೆ ಹೇಗೆ?) ಮೈಕು ಮೇಜಿನ ಮೇಲೆ ಕೂತಿತು. ನಲ್ಲಿ ತೊಟ್ಟಿಕ್ಕಿತು, ಗಡಿಯಾರ ಟಿಕ್ ಎಂದಿತು.

"ಮುಗೀತಾ?" ಎಂದಳು ಅಜ್ಜಿ.

ಮತ್ತೆ ಮೊದಲಿನಿಂದ. ನಲ್ಲಿ, ಗಡಿಯಾರ.

"ಲೋಟ ನಾನು ಮುಟ್ಟಿಲ್ಲ, ನೋಡ್ಕೋ."

ಮೊಮ್ಮಗಳು ಎರಡೂ ಕೈ ಜೋಡಿಸಿದಳು. "ಅಜ್ಜಿ, ನೀನು ತೀರಿಕೊಂಡಿದ್ದೀಯ. ಒಂದೇ ಒಂದು ನಿಮಿಷ, ತೀರಿಕೊಂಡವರ ಥರ ಸುಮ್ನಿರ್ತೀಯಾ?"